ರಾಜೇಸಾಬರ ಕ್ಲಾರಿನೆಟ್ಟು, ನನ್ನ ಕಿವಿ

ಹೋದ ತಿಂಗಳು ರಾಣೆಬೆನ್ನೂರಿನ ಕಲ್ಯಾಣ ಮಂಟಪವೊಂದರಲ್ಲಿ ಊಟಕ್ಕೆ ಕುಳಿತಿದ್ದೆ. ಕುಪ್ಪೇಲೂರಿನ ಕಡೆಯವರ ಮದುವೆ, ಮದುಮಗಳ ತಾಯಿ ನನ್ನ ಹಳೆಯ ವಿದ್ಯಾರ್ಥಿನಿ. ಎಲೆಯ ಮೇಲೆ ಶೇಂಗಾ ಚಟ್ನಿ ಬಂದಿತ್ತು, ಬದನೆಕಾಯಿ ಪಲ್ಯ ಬಂದಿತ್ತು, ಇನ್ನೇನು ಗೋಧಿ ಹುಗ್ಗಿಯ ಬಕೆಟ್ಟು ನಮ್ಮ ಸಾಲಿಗೆ ತಿರುಗಬೇಕು, ಅಷ್ಟರಲ್ಲಿ ವೇದಿಕೆಯ ಮೇಲಿನ ಕೀಬೋರ್ಡಿನಿಂದ ಕ್ಲಾರಿನೆಟ್ಟಿನ ದನಿ ಶುರುವಾಯಿತು. ಈಗಿನ ಕೀಬೋರ್ಡಿನಲ್ಲಿ ಎಲ್ಲ ಇರುತ್ತವಲ್ಲ. ಒಂದು ಗುಂಡಿ ಒತ್ತಿದರೆ ಸಿತಾರು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದಕ್ಕೆ ಇಡೀ ಪಿಟೀಲುಗಳ ಹಿಂಡು. ನಾನು ನನಗೇ ಎಂಬಂತೆ, “ಈ ಕ್ಲಾರಿನೆಟ್ಟಿಗೆ ಹಲ್ಲಿಲ್ಲ” ಅಂದೆ. ಮೂವತ್ತು ವರ್ಷ ಪಾಠ ಹೇಳಿದವರ ಬಾಯಿಂದ ತನಗೇ ಎಂಬಂತೆ ಯಾವ ಮಾತೂ ಬರುವುದಿಲ್ಲ. ಇಡೀ ಸಾಲಿಗೆ ಕೇಳಿಸಿತು.

ಪಕ್ಕದಲ್ಲಿ ಹೊಸರಿತ್ತಿಯಿಂದ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಅಗಿಯುವುದನ್ನು ನಿಲ್ಲಿಸಿ, ನಾಲಿಗೆಯಿಂದ ತನ್ನ ಹಲ್ಲುಗಳನ್ನೊಮ್ಮೆ ತಡವಿ ನೋಡಿಕೊಂಡು, “ಯಾರಿಗ್ರಿ ಹಲ್ಲಿಲ್ಲ?” ಎಂದು ಕೇಳಿದಳು.

“ನಿಮಗಲ್ರಿ ಯವ್ವಾ, ಆ ವಾದ್ಯಕ್ಕ.”

“ವಾದ್ಯಕ್ಕ ಎಲ್ಲಿ ಹಲ್ಲಿರತಾವು?” ಎಂದು ಅವಳು ನನ್ನನ್ನು ಒಂದು ನಮೂನೆ ನೋಡಿದಳು. ಆಮೇಲೆ ತನ್ನ ಎಲೆಯನ್ನು ನನ್ನಿಂದ ಒಂದು ಗೇಣು ಆಚೆ ಸರಿಸಿಕೊಂಡಳು. ಅವಳದೇನೂ ತಪ್ಪಿಲ್ಲ. ಅವಳಿಗೆ ಹೇಳಲು ಪುರಸೊತ್ತಾಗದ ಕಥೆಯನ್ನು ನಿಮಗೆ ಹೇಳುತ್ತೇನೆ. ನಿಮ್ಮ ಎಲೆಯ ಮೇಲೆ ಹುಗ್ಗಿ ಆರುವ ಭಯವಿಲ್ಲ.

ನಾನು ವಿಜ್ಞಾನದ ಶಿಕ್ಷಕಿಯಾಗಿದ್ದೆ. ಮನೆ ರಾಣೆಬೆನ್ನೂರು, ಶಾಲೆ ಬ್ಯಾಡಗಿ. ದಿನಾ ರೈಲಿನಲ್ಲಿ ಓಡಾಟ. ಒಂಬತ್ತನೆಯ ತರಗತಿಗೆ ‘ಶಬ್ದ’ ಎಂಬ ಪಾಠವಿತ್ತು. ಅದರಲ್ಲಿ ಒಂದು ವಾಕ್ಯ: ಎರಡು ವಾದ್ಯಗಳು ಒಂದೇ ಸ್ವರವನ್ನು ಒಂದೇ ಜೋರಿನಲ್ಲಿ ನುಡಿಸಿದರೂ ನಾವು ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲೆವು, ಇದಕ್ಕೆ ಧ್ವನಿಗುಣ ಎನ್ನುತ್ತಾರೆ. ಈ ವಾಕ್ಯವನ್ನು ನಾನು ಹನ್ನೆರಡು ವರ್ಷ ಹೇಳಿದೆ. ಬೋರ್ಡಿನ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಅಲೆ ಬರೆಯುತ್ತಿದ್ದೆ, ಒಂದು ನುಣುಪು, ಒಂದು ಹಲ್ಲುಹಲ್ಲು. ಪ್ರಯೋಗಾಲಯದ ಗೋಡೆಯ ಮೇಲೆ ಯಾರೋ ದಾನ ಕೊಟ್ಟ ದೊಡ್ಡದೊಂದು ಪಟ ಇತ್ತು. ಪಾಶ್ಚಾತ್ಯ ವಾದ್ಯಮೇಳದ ವಾದ್ಯಗಳೆಲ್ಲ ಅದರಲ್ಲಿ ಬಣ್ಣಬಣ್ಣದಲ್ಲಿ ಸಾಲಾಗಿ ನಿಂತಿದ್ದವು. ಕೋಲಿನಿಂದ ತೋರಿಸಿ, “ಇದು ವಯೋಲಾ, ಇದು ಒಬೋ, ಇದು ಬಸೂನ್” ಎಂದು ಓದಿಸುತ್ತಿದ್ದೆ. ಅವುಗಳಲ್ಲಿ ಒಂದನ್ನೂ ನಾನು ಕಿವಿಯಾರೆ ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದಿರಲೂ ಇಲ್ಲ. ಉಪ್ಪಿಲ್ಲದ ಅಡುಗೆಯನ್ನು ಬಡಿಸುತ್ತಲೇ ಇದ್ದೆ, ಯಾರೂ ಉಂಡು ನೋಡದ ಕಾರಣ ನನ್ನ ಹೆಸರು ಉಳಿದಿತ್ತು.

ಉಂಡು ನೋಡಿದವಳು ಶಹೀನಾ. ಎರಡನೆಯ ಬೆಂಚಿನ ಹುಡುಗಿ, ಕೈ ಎತ್ತುವ ಮೊದಲೇ ಎದ್ದು ನಿಲ್ಲುವ ಪೈಕಿ.

“ಅಕ್ಕೋರ, ಒಬೋ ಸಪ್ಪಳ ಹೆಂಗಿರತೈತ್ರಿ?”

“ಗಂಭೀರ ಇರತೈತಿ,” ಅಂದೆ. ಗೊತ್ತಿಲ್ಲದ್ದೆಲ್ಲ ಗಂಭೀರವಾಗಿಯೇ ಇರುತ್ತದೆಂಬ ನಂಬಿಕೆ ನನ್ನದು.

“ಮತ್ತ ಬಸೂನ್ರಿ?”

“ಅದೂ ಗಂಭೀರನ.”

“ಎರಡೂ ಗಂಭೀರ ಇದ್ರ ಧ್ವನಿಗುಣ ಬ್ಯಾರೆ ಹೆಂಗಾತ್ರಿ?”

ಐವತ್ತು ಮಕ್ಕಳು ಒಟ್ಟಿಗೆ ನಕ್ಕರು. ನಾನು ಬೋರ್ಡು ಒರೆಸಲು ತಿರುಗಿದೆ. ಒರೆಸಬೇಕಾದದ್ದು ಅದರ ಮೇಲೆ ಏನೂ ಇರಲಿಲ್ಲ. ಬೆನ್ನ ಹಿಂದಿನಿಂದ ಅದೇ ಹುಡುಗಿ, ಪಾಪ, ನನ್ನನ್ನು ಮೇಲೆತ್ತುವ ಮನಸ್ಸಿನಿಂದ, “ಅಕ್ಕೋರ, ನಮ್ಮ ಅಬ್ಬಾನ ಕೇಳ್ರಿ. ಅವರದು ಬ್ಯಾಂಡ್ ಐತಿ” ಅಂದಳು.

ಹೀಗೆ ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ರಾಜೇಸಾಬರ ಅಂಗಡಿಗೆ ಹೋದೆ. ಸ್ಟೇಷನ್ನಿನ ಹಾದಿಯಲ್ಲಿ ಒಂದೇ ಖೋಲಿಯ ಅಂಗಡಿ. ಗೋಡೆಯ ಮೊಳೆಗಳಿಗೆ ಕೆಂಪು ಕೋಟುಗಳು, ನೆಲದ ಮೇಲೆ ಡ್ರಮ್ಮುಗಳು, ಮೂಲೆಯಲ್ಲಿ ಎಮ್ಮೆಯಂಥ ಒಂದು ಹಿತ್ತಾಳೆಯ ಕಹಳೆ, ಯೂಫೋನಿಯಂ. ರಾಜೇಸಾಬರು ಬ್ಯಾಂಡಿನ ಮಾಸ್ತರರು. ಕ್ಲಾರಿನೆಟ್ಟು ಅವರ ಕೈಯದು. ಸಣ್ಣ ಆಳು, ಮೆಹಂದಿ ಹಚ್ಚಿದ ಗಡ್ಡ, ಬಾಯಿ ತುಂಬ ಎಲೆ ಅಡಿಕೆ. ಮಗಳ ಮಾಸ್ತರಿಣಿ ಬಂದಿದ್ದಾಳೆಂದು ಚಹಾ ತರಿಸಿದರು. ಬಂದ ಕಾರಣ ಹೇಳಿದಾಗ ನಗಲಿಲ್ಲ. ಬ್ಯಾಡಗಿಯಲ್ಲಿ ಆ ಮಾತಿಗೆ ನಗದ ಮೊದಲ ಮನುಷ್ಯ ಅವರೇ.

“ಕಲೀಬೇಕಂತೀರಿ. ಊದಾಕೋ, ಕೇಳಾಕೋ?”

“ಕೇಳಾಕ.”

“ಹಂಗಾರ ಗ್ವಾಡಿ ಕಡೆ ಮುಖ ಮಾಡಿ ಕುಂದ್ರಿ. ಕಣ್ಣು ಬಾಳ ಬಾಯಿ ಹಾಕತಾವು, ಕಿವಿಗೆ ಕೆಲಸ ಮಾಡಗೊಡಂಗಿಲ್ಲ. ನಿಮಗೇನ್ ಹೊಸದಲ್ಲ ಬಿಡ್ರಿ, ದಿನಾ ಬೋರ್ಡಿಗೆ ಮುಖ ಮಾಡಿ ನಿಂತೇ ಇರತೀರಿ.”

ಡ್ರಮ್ಮಿನ ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತೆ. ಅವರು ಹಿಂದೆ ನಿಂತು ಒಂದೊಂದನ್ನೇ ನುಡಿಸುತ್ತ, “ಇದು ಯಾವುದು?” ಎಂದು ಕೇಳುತ್ತಿದ್ದರು. ಸುಲಭ ಅಂತ ಅನ್ನಿಸುತ್ತದಲ್ಲವೇ? ತುತ್ತೂರಿಗೂ ಕ್ಲಾರಿನೆಟ್ಟಿಗೂ ವ್ಯತ್ಯಾಸ ಗೊತ್ತಾಗದವರು ಯಾರು? ಆದರೆ ಅವರು ಇಡೀ ಹಾಡು ಬಾರಿಸುತ್ತಿರಲಿಲ್ಲ. ಒಂದೇ ಸ್ವರವನ್ನು, ಅದೂ ಮೆಲ್ಲಗೆ, ನಡುವಿನಿಂದ ಎತ್ತಿಕೊಂಡ ಹಾಗೆ ಹಿಡಿದು ನಿಲ್ಲಿಸುತ್ತಿದ್ದರು. ಮೊದಲ ಶನಿವಾರ ಹತ್ತಕ್ಕೆ ಏಳು ತಪ್ಪು. ಎರಡನೆಯ ಶನಿವಾರ ಎಂಟು. ಕಲಿತಷ್ಟೂ ಕೆಳಗಿಳಿಯುವ ವಿದ್ಯಾರ್ಥಿಗಳನ್ನು ನಾನು ಬಹಳ ಬೈದಿದ್ದೇನೆ. ಆಮೇಲೆ ಬೈಯುವುದನ್ನು ಬಿಟ್ಟೆ.

ಮೂರನೆಯ ಶನಿವಾರ ಅವರಿಗೇ ತಾಳ್ಮೆ ತಪ್ಪಿತು. “ನೀವು ಸಪ್ಪಳ ಕೇಳಾಕತ್ತೀರಿ ಅಕ್ಕೋರ. ಅದು ಹುಟ್ಟೂದನ್ನ ಕೇಳ್ರಿ. ಕಟ್ಟಿಗಿ ಮ್ಯಾಲಿನ ರೀಡು ಹೆಂಗ ಎದ್ದೇಳತೈತಿ, ಹಿತ್ತಾಳಿ ಹೆಂಗ ಎದ್ದೇಳತೈತಿ. ಎದ್ದ ಮ್ಯಾಲ ಎಲ್ಲಾರೂ ಒಂದ ಥರ ಕಾಣತಾರ, ಅಂಗಿ ಹಾಕ್ಕೊಂಡಿರತಾರಲ್ಲ.” ರೀಡು ಅಂದರೆ ಊದುವ ಮೂತಿಯಲ್ಲಿ ಅದುರುವ ಜೊಂಡಿನ ತೆಳ್ಳನೆಯ ಸೀಳು. ಮಾರುಕಟ್ಟೆಯ ಯಾರ್ಡಿನಲ್ಲಿ ಮೆಣಸಿನಕಾಯಿ ಕೊಳ್ಳುವವರು ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ನೋಡಿದ್ದೀರಾ? ಬೀಜ ಗಲಗಲ ಅಂದರೆ ಒಣಗಿದೆ, ಇಲ್ಲವೆಂದರೆ ಹಸಿ. ಬಣ್ಣ ಎಷ್ಟೇ ಕೆಂಪಗಿರಲಿ ಅವರು ಕಿವಿಯನ್ನೇ ನಂಬುತ್ತಾರೆ. ರಾಜೇಸಾಬರು ನನಗೆ ಅದನ್ನೇ ಹೇಳುತ್ತಿದ್ದರು.

ಅಲ್ಲಿಂದ ನನ್ನ ಕಿವಿ ತೆರೆಯಿತು ಅಂತ ಹೇಳಿದರೆ ದೊಡ್ಡ ಮಾತಾಗುತ್ತದೆ. ತೆರೆದದ್ದು ನಿಧಾನಕ್ಕೆ, ಮತ್ತು ಬೇಡದ ಕಡೆಗಳಲ್ಲೂ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಗೇ ಘಾಟು ಹತ್ತಿರುತ್ತದೆ. ನಮ್ಮ ಶಾಲೆಯಲ್ಲಿ ಜನವರಿಯಿಂದ ಸೀನುವುದೇ ಪ್ರಾರ್ಥನೆ. ನಾನು ಬೋರ್ಡಿನ ಮೇಲೆ ಬರೆಯುತ್ತಿರುವಾಗ ಹಿಂದಿನಿಂದ ಸೀನು ಬಂದರೆ, ತಿರುಗದೆಯೇ, “ಬಸವರಾಜ, ಕರವಸ್ತ್ರ ತಗೋ” ಅನ್ನತೊಡಗಿದೆ. ಸೀನಿಗೂ ಒಂದು ಹುಟ್ಟು ಇರುತ್ತದೆ, ಒಬ್ಬೊಬ್ಬರದು ಒಂದೊಂದು ಬಗೆ. ಅಕ್ಕೋರಿಗೆ ಬೆನ್ನಲ್ಲಿ ಕಣ್ಣಿದೆ ಎಂಬ ಸುದ್ದಿ ಹಬ್ಬಿ, ಆ ವರ್ಷ ತರಗತಿ ಬಹಳ ಶಿಸ್ತಾಗಿತ್ತು.

ಪಟದಲ್ಲಿದ್ದ ವಿಲಾಯತಿ ವಾದ್ಯಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ಸಿ.ಡಿ. ಸಿಕ್ಕಿತು. ಅದರಲ್ಲಿ ವಾದ್ಯಮೇಳದ ಇಪ್ಪತ್ತು ವಾದ್ಯಗಳು ಒಂದೊಂದೇ ನಿಮಿಷ ನುಡಿಯುತ್ತವೆ. ಆದರೆ ಹೆಸರುಗಳಿದ್ದ ಕಾಗದ ಕಳೆದುಹೋಗಿತ್ತು. ನನ್ನ ಹತ್ತಿರ ದನಿಯಿಲ್ಲದ ಹೆಸರುಗಳಿದ್ದವು, ಈಗ ಹೆಸರಿಲ್ಲದ ದನಿಗಳೂ ಬಂದವು. ಎರಡನ್ನೂ ಕೂಡಿಸಿ ಗಂಟು ಹಾಕಲು ರಾಜೇಸಾಬರೂ ನಾನೂ ಒಂದು ಇಡೀ ಮಳೆಗಾಲ ಕುಳಿತೆವು. ಪಟವನ್ನು ಗೋಡೆಯಿಂದ ಇಳಿಸಿ ಸುತ್ತಿಕೊಂಡು ಅಂಗಡಿಗೇ ಒಯ್ದಿದ್ದೆ. ಮುಖ್ಯೋಪಾಧ್ಯಾಯರಿಗೆ ಗೆದ್ದಲು ಹತ್ತಿದೆ, ಒಣಗಿಸಲು ಒಯ್ದಿದ್ದೇನೆ ಅಂತ ಹೇಳಿದ್ದೆ.

ರಾಜೇಸಾಬರೂ ಒಬೋ ಕೇಳಿದವರಲ್ಲ. ಆದರೆ ಆರನೆಯ ತುಣುಕು ಶುರುವಾದ ಕೂಡಲೇ ಕೈ ಎತ್ತಿದರು. “ಎರಡು ರೀಡಿಂದು ಇದು. ನಮ್ಮ ಸನಾದಿಯ ಬೀಗರ ಮನಿ ಪೈಕಿ.” ಪಟದಲ್ಲಿ ಹುಡುಕಿದೆವು, ತೆಳ್ಳನೆಯ ಎರಡು ರೀಡಿನ ಒಬೋ ಸಿಕ್ಕಿತು. ಬಸೂನ್ ಬಂದಾಗ, “ಹೊಟ್ಟಿ ತುಂಬ ಉಂಡ ಮಾವ ಅಟ್ಟದ ಮ್ಯಾಲಿಂದ ಇಳಿಯಾಕತ್ತಾನ, ಒಂದೊಂದ ಮೆಟ್ಟಿಲ” ಅಂದರು. ಗಂಭೀರ ಅಂತ ಹನ್ನೆರಡು ವರ್ಷ ಹೇಳಿದ್ದೆನಲ್ಲ, ಅದು ಇದೇ! ನನಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ವಯೋಲಾ ಅಂದರೆ ನೆಗಡಿ ಬಂದ ಪಿಟೀಲು. ಚೆಲ್ಲೋ ಎಂಬ ದೊಡ್ಡ ಪಿಟೀಲು ಬಂದಾಗ ಮಾತ್ರ ಅವರು ಬಾಯಿಯ ಎಲೆ ಅಡಿಕೆ ಉಗುಳಿ ಬಂದು ಕುಳಿತರು. “ಇದು ಅಳಾಕತ್ತೈತ್ರಿ, ಆದ್ರ ಮಂದಿಗೆ ತೋರಸವಲ್ದು” ಅಂದು ಅದನ್ನೇ ಮತ್ತೆ ಹಾಕಿಸಿದರು. ಮುಂದೆ ಎರಡು ವರ್ಷಕ್ಕೆ ಆ ಕಳೆದ ಕಾಗದ ಸಿಕ್ಕಿತು. ಇಪ್ಪತ್ತರಲ್ಲಿ ನಾವು ತಪ್ಪಿದ್ದು ಎರಡು. ಆ ಎರಡೂ ಹಿತ್ತಾಳೆಯವು. ಯೂಫೋನಿಯಂ ಊದುವವನು ಆವತ್ತು ರಜೆಯ ಮೇಲಿದ್ದ ಅಂತ ರಾಜೇಸಾಬರು ಸಮಾಧಾನ ಮಾಡಿಕೊಂಡರು.

ಶಾಲೆಯಲ್ಲಿ ಪಾಠ ಹೇಗೆ ನಡೆಯಿತು ಅಂತ ಕೇಳಬೇಡಿ, ಅದೊಂದು ಬೇರೆ ಗದ್ದಲ. ಇಷ್ಟು ಹೇಳಿದರೆ ಸಾಕು: ಪಕ್ಕದ ತರಗತಿಯ ಗಣಿತದ ಮಾಸ್ತರು ದೂರು ಕೊಟ್ಟರು. ಶಹೀನಾ ಎಸ್ಸೆಸ್ಸೆಲ್ಸಿ ದಾಟಿ, ಕಾಲೇಜು ದಾಟಿ, ಹಾವೇರಿಯಲ್ಲಿ ಒಂದು ಶಾಲೆಗೆ ತಾನೇ ಅಕ್ಕೋರಾಗಿ ಸೇರಿದಳು. ನಾನು ಶನಿವಾರದ ಗೋಡೆಯನ್ನು ಬಿಡಲಿಲ್ಲ. ಎಂಟು ವರ್ಷ ಕಳೆಯುವಷ್ಟರಲ್ಲಿ ರಾಜೇಸಾಬರ ಕ್ಲಾರಿನೆಟ್ಟನ್ನು ಹತ್ತು ಕ್ಲಾರಿನೆಟ್ಟುಗಳ ನಡುವೆ ಇಟ್ಟರೂ ಗುರುತಿಸುವಷ್ಟು ಆಗಿದ್ದೆ. ಅವರ ಕೆಳಗಿನ ಸ್ವರಗಳಿಗೆ ಕಂಬಳಿ ಹೊದ್ದಂಥ ಒಂದು ಬಿಸುಪಿತ್ತು. ಅಂಥದನ್ನು ನಾನು ಇನ್ನೆಲ್ಲಿಯೂ ಕೇಳಲಿಲ್ಲ.

ಆ ವರ್ಷ ಶಹೀನಾಳ ಲಗ್ನ ಗೊತ್ತಾಯಿತು. ಗೊತ್ತಾದ ತಿಂಗಳಿಗೆ ರಾಜೇಸಾಬರ ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಅಲುಗಾಡತೊಡಗಿದವು. ಸಕ್ಕರೆ ಕಾಯಿಲೆ, ಅದರ ಮೇಲೆ ಎಲೆ ಅಡಿಕೆ. ಹಾವೇರಿಯ ಹಲ್ಲಿನ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಾಲ್ಕನ್ನೂ ಕೀಳಲೇಬೇಕು ಅಂದರು. ಬೇರೆಯವರಿಗಾದರೆ ಹಲ್ಲು ಹೋದರೆ ಚಕ್ಕುಲಿ ಹೋಯಿತು, ಅಷ್ಟೇ. ಕ್ಲಾರಿನೆಟ್ಟು ಊದುವವನು ವಾದ್ಯದ ಮೂತಿಯನ್ನು ಆ ನಾಲ್ಕು ಹಲ್ಲುಗಳಿಗೆ ಆನಿಸಿಯೇ ಹಿಡಿಯಬೇಕು. ಅವು ಇಲ್ಲವೆಂದರೆ ವಾದ್ಯ ನಿಲ್ಲುವುದೇ ಇಲ್ಲ.

“ಬ್ಯಾಡಗಿ ಮಂದಿಯ ಹೆಣ್ಣುಮಕ್ಕಳ್ನೆಲ್ಲಾ ನಾ ಊದೇ ಗಂಡನ ಮನಿಗೆ ಕಳಸೇನಿ,” ಎಂದರು ರಾಜೇಸಾಬರು. ನಾಲ್ಕೂ ಹಲ್ಲು ಕೀಳಿಸಿಕೊಂಡು ಬಂದು ಅಂಗಡಿಯ ಹೊಸ್ತಿಲ ಮೇಲೆ ಕುಳಿತಿದ್ದರು, ದನಿ ಆಗಲೇ ಪುಸುಪುಸು. “ನನ್ನ ಮಗಳ್ನ ಇನ್ನೊಬ್ಬನ ಬಾಯಿಲೆ ಕಳಸಲೇನ್ರಿ?”

ಹಲ್ಲಿನ ಸೆಟ್ಟು ಬಂತು. ನಾಲ್ಕು ಹಲ್ಲು, ಅವನ್ನು ಹಿಡಿದುಕೊಂಡು ಅಂಗುಳಿಗೆ ಅಂಟುವ ಗುಲಾಬಿ ಬಣ್ಣದ ಒಂದು ತಟ್ಟೆ. ಹಾಕಿಕೊಂಡು ಊದಿದರೆ ತೂತು ಕೊಡಕ್ಕೆ ಗಾಳಿ ಹೊಕ್ಕಂಥ ಸದ್ದು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಊದುವವನಿಗೆ ತನ್ನ ದನಿ ಹೊರಗಿನಿಂದ ಎಷ್ಟು ಕೇಳಿಸುತ್ತದೋ ಅಷ್ಟೇ ಹಲ್ಲಿನ ಮೂಲಕ, ತಲೆಬುರುಡೆಯ ಒಳಗಿನಿಂದಲೂ ಕೇಳಿಸುತ್ತದೆ. ಆ ಹಾದಿ ಮುಚ್ಚಿಹೋಗಿತ್ತು. ಸರಿಯಾಯಿತೋ ಇಲ್ಲವೋ ಎಂದು ಅವರಿಗೇ ತಿಳಿಯುತ್ತಿರಲಿಲ್ಲ. “ನನ್ನ ದನಿ ನಿಮಗ ಗೊತ್ತೈತಿ. ಹಳೇದು ಬಂದ ಕೂಡಲೆ ಹೇಳ್ರಿ. ನೀವು ಹೇಳೂ ತನಕ ನಾ ನಂಬಂಗಿಲ್ಲ” ಅಂದರು. ಲಗ್ನಕ್ಕೆ ಹದಿನೈದು ದಿನ ಇತ್ತು.

ಹಾವೇರಿಯ ಆ ದವಾಖಾನೆಯಲ್ಲಿ ನಾವು ಮಾಡಿದ ರಾಮಾಯಣವನ್ನು ನೆನೆದರೆ ಈಗಲೂ ನಗು ಬರುತ್ತದೆ. ಒಳಗೆ ಕುರ್ಚಿಯ ಮೇಲೆ ರಾಜೇಸಾಬರು ಕ್ಲಾರಿನೆಟ್ಟು ಹಿಡಿದು ಕುಳಿತಿರುತ್ತಿದ್ದರು. ಹೊರಗೆ ರೋಗಿಗಳ ಬೆಂಚಿನ ಮೇಲೆ ನಾನು, ಗೋಡೆಗೆ ಮುಖ ಮಾಡಿ. ಡಾಕ್ಟರು ತಟ್ಟೆಯನ್ನು ಒಂದು ಎಳೆ ಉಜ್ಜುವುದು, ಅವರು ಒಂದು ಸ್ವರ ಊದುವುದು, ನಾನು ಗೋಡೆಗೆ “ಇಲ್ರಿ” ಅನ್ನುವುದು. ಮತ್ತೆ ಉಜ್ಜುವುದು, ಮತ್ತೆ ಊದುವುದು, ಮತ್ತೆ “ಇಲ್ರಿ.” ಮೊದಲ ದಿನ ಉಳಿದ ರೋಗಿಗಳು ಹೆದರಿದರು. ಎರಡನೆಯ ಭೇಟಿಯ ಹೊತ್ತಿಗೆ ಅವರೂ ಕಣಕ್ಕಿಳಿದರು. “ಈಗ ಚಲೋ ಬಂತಲ್ರಿ ಬಾಯಾರ,” ಎಂದು ದವಡೆ ಊದಿಕೊಂಡಿದ್ದ ಒಬ್ಬ ವ್ಯಾಪಾರಿ ವಾದಿಸಿದ. “ನಿಮ್ಮ ಹಲ್ಲು ನೋಡ್ಕೋರಿ,” ಅಂದೆ ನಾನು. ಡಾಕ್ಟರಮ್ಮ ಒಮ್ಮೆ ಹೊರಗೆ ಬಂದು, “ಸಾಮಾನ್ಯವಾಗಿ ಪೇಷಂಟ್ಸು ಅಗಿಯೋಕೆ ಆಗುತ್ತಾ ಅಂತ ಕೇಳ್ತಾರೆ, ನಗೋಕೆ ಚೆನ್ನಾಗಿ ಕಾಣುತ್ತಾ ಅಂತ ಕೇಳ್ತಾರೆ. ಇದನ್ನ ಕಾಲೇಜಿನಲ್ಲಿ ಹೇಳಿಕೊಡಲಿಲ್ಲ ಮೇಡಂ” ಅಂದರು. ಅವರು ದಕ್ಷಿಣದ ಕಡೆಯವರು, ಪಾಪ, ಒಳ್ಳೆಯ ಮನಸ್ಸು.

ಮೂರನೆಯ ಭೇಟಿಯ ಹೊತ್ತಿಗೆ ಲಗ್ನಕ್ಕೆ ಐದು ದಿನ ಉಳಿದಿತ್ತು. ಡಾಕ್ಟರಮ್ಮ ಬೆಳಗಿನಿಂದ ಉಜ್ಜಿದ್ದರು. ಬೆಂಚಿನ ಮೇಲಿದ್ದ ಎಲ್ಲರೂ ನನ್ನ ಬೆನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಒಳಗಿನಿಂದ ದನಿ ಬಂತು. ಒಳ್ಳೆಯ ದನಿ. ಸೋರಿಕೆ ಕಡಿಮೆ, ಸ್ವರ ನೇರ. ಆದರೆ ಅದು ರಾಜೇಸಾಬರದಲ್ಲ. ಕಂಬಳಿ ಇರಲಿಲ್ಲ. ಯಾರೋ ಚಳಿಯಲ್ಲಿ ನಿಂತು ಮರ್ಯಾದೆಯಿಂದ ಮಾತಾಡಿದ ಹಾಗಿತ್ತು. ಇನ್ನು ಏನು ಉಜ್ಜಿದರೂ ಇಷ್ಟೇ, ಹುಡುಗಿಯ ಲಗ್ನ ಹತ್ತಿರ ಬಂತು, ಇವರು ಧೈರ್ಯವಾಗಿ ಊದಲಿ. ಹೀಗೆ ಏನೇನೋ ಯೋಚಿಸಿದೆ.

“ಅದ ಐತ್ರಿ! ಅದ ಹಳೇದು!” ಎಂದು ಕೂಗಿದೆ.

ದವಾಖಾನೆಯಲ್ಲಿ ಚಪ್ಪಾಳೆ. ದವಡೆಯ ವ್ಯಾಪಾರಿಯೂ ನೋವು ಮರೆತು ನಕ್ಕ. ರಾಜೇಸಾಬರು ಕ್ಲಾರಿನೆಟ್ಟನ್ನು ಅರಿವೆಯಲ್ಲಿ ಒರೆಸುತ್ತ ಹೊರಗೆ ಬಂದರು, ನನ್ನ ಮುಖವನ್ನು ಒಂದು ಸಲ ನೋಡಿದರು. ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

“ಅಕ್ಕೋರ, ಎಂಟು ವರ್ಷದಾಗ ನೀವು ನನಗ ಎಷ್ಟ ತಪ್ಪ ಉತ್ತರ ಹೇಳಿರಬೇಕು?”

“ಭಾಳ ಹೇಳೇನ್ರಿ.”

“ಭಾಳ. ಆದ್ರ ಒಂದೂ ಸುಳ್ಳ ಇರಲಿಲ್ಲ ಅದರಾಗ. ಇವತ್ತ ಒಂದು ಹೇಳಿದ್ರಿ.”

ನಾನು ಬಾಯಿ ತೆರೆದೆ. “ಮಗಳ ಲಗ್ನ ಹತ್ರ ಬಂತಲ್ರಿ, ಅದಕ್ಕ…”

“ಅದಕ್ಕ ಖರೇ ಬೇಕಿತ್ತು. ನನ್ನ ಬಾಯಿ ಹೋತು. ನಿಮ್ಮ ಕಿವಿ ಹಿಡಕೊಂಡು ನಡದಿದ್ದೆ. ಈಗ ಏನ್ ಹಿಡಕೊಂಡು ನಡೀಲ್ರಿ ನಾ?”

ಆ ಮನುಷ್ಯ ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಒಂದಿಷ್ಟು ಜಗಳ ತೆಗೆದು ಹಗುರಾಗುತ್ತಿದ್ದೆ. ನನಗೆ ನಾಚಿಕೆಯಾಯಿತು. ಅವರ ಕೈಹಿಡಿದು ದಾಟಿಸಬೇಕಾದ ಹೊತ್ತಿನಲ್ಲಿ ನಾನು ಬೆನ್ನು ತಟ್ಟಿ ಬಿಟ್ಟಿದ್ದೆ. ರಾಣೆಬೆನ್ನೂರಿಗೆ ಬಂದು, ಉಪ್ಪಿಟ್ಟು ಮಾಡಿಕೊಂಡು, ಅದಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಅಂತಲೂ ತಿಳಿಯದೆ ತಿಂದೆ.

ಮರುದಿನ ರವಿವಾರ. ಬೆಳಗಿನ ರೈಲು ಹಿಡಿದು ಬ್ಯಾಡಗಿಗೆ ಹೋದೆ. ಅಂಗಡಿ ತೆರೆದಿತ್ತು. ಸಲಾಮು ನಮಸ್ಕಾರ ಒಂದೂ ಇಲ್ಲದೆ ಡ್ರಮ್ಮಿನ ಪೆಟ್ಟಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು, “ಊದ್ರಿ” ಅಂದೆ.

ಬೆನ್ನ ಹಿಂದೆ ಪೆಟ್ಟಿಗೆ ತೆರೆಯುವ ಸಪ್ಪಳ ಕೇಳಿತು. ಆಮೇಲೆ ಊದಿದರು.

ನಾನು ಹೇಳತೊಡಗಿದೆ. ಹುಟ್ಟುವಾಗ ತಡ ಆಗುತ್ತಿದೆ. ಕೆಳಗಿನ ಮೂರು ಸ್ವರ ಪರವಾಗಿಲ್ಲ. ಮೇಲಕ್ಕೆ ಹೋದ ಹಾಗೆ ಎಡಗಡೆಯ ತುಟಿಯಿಂದ ಗಾಳಿ ಸೋರುತ್ತಿದೆ. ಜೋರು ಮಾಡಿದಾಗ ಹಲ್ಲಿಗೆ ವಾದ್ಯದ ಮೂತಿ ಬಡಿದು ಕಟಕಟ ಅನ್ನುತ್ತಿದೆ. ಒಂದು ತಾಸು ಹೀಗೇ ನಡೆಯಿತು. ಹೊಗಳುವುದಕ್ಕೆ ಒಂದು ಮಾತು ಸಾಕು, ಖರೇ ಹೇಳಲು ಒಂದು ತಾಸು ಬೇಕಾಯಿತು. ಅವರು ನಡುನಡುವೆ “ಹಾಂ”, “ಇನ್ನೊಮ್ಮೆ ಹೇಳ್ರಿ” ಅನ್ನುತ್ತಿದ್ದರು. ಕೊನೆಗೆ ಎದ್ದು, ಹಳೆಯ ಸೈಕಲ್ ಟ್ಯೂಬಿನ ಉಗುರಿನಷ್ಟು ತುಣುಕನ್ನು ಕತ್ತರಿಸಿ ಮೂತಿಯ ಮೇಲೆ ಅಂಟಿಸಿದರು. ಕಟಕಟ ನಿಂತಿತು. ಸೋಮವಾರ ಡಾಕ್ಟರಮ್ಮನ ಬಳಿ ಎಡಗಡೆಯ ಅಂಚನ್ನೊಂದೇ ತೆಳ್ಳಗೆ ಮಾಡಿಸಿಕೊಂಡು ಬಂದರು. ಸೋರಿಕೆಯೂ ಬಹುಮಟ್ಟಿಗೆ ನಿಂತಿತು.

“ಈಗ ಹೇಳ್ರಿ, ಇದು ನಂದೇನು?”

“ಅಲ್ರಿ.”

“ಮತ್ತ ಯಾರ್ದು?”

“ಗೊತ್ತಿಲ್ರಿ. ನಾ ಕೇಳಿದವರದಲ್ಲ.”

“ಕೇಳೂ ಹಂಗರೆ ಐತೋ ಇಲ್ಲೋ?”

ಯೋಚಿಸಿಯೇ ಹೇಳಿದೆ. “ಐತ್ರಿ. ಇನ್ನೊಮ್ಮೆ ಕೇಳಬೇಕು ಅನಸೂ ಹಂಗ ಐತಿ.”

“ಬಸ್,” ಅಂದರು ರಾಜೇಸಾಬರು. “ಹಂಗಾರ ಇದನ್ನೂ ಕಲೀರಿ. ನಾನೂ ಕಲೀತೇನಿ.”

ಲಗ್ನದ ದಿನ ಮಧ್ಯಾಹ್ನ ಮದುಮಗಳನ್ನು ಕಳಿಸುವ ಹೊತ್ತಿಗೆ ಅವರು ಹೊಸ ಅಂಗಿಯ ಮೇಲೆ ಬ್ಯಾಂಡಿನ ಕೆಂಪು ಕೋಟನ್ನು ತೊಟ್ಟು ಕಾರಿನ ಮುಂದೆ ನಿಂತರು. ಬೀಗರು ಬೇಡ ಬೇಡ ಅಂದರು, ಮದುಮಗಳ ತಂದೆ ಊದುವುದು ಚಂದವಲ್ಲ ಅಂದರು. “ಊದದಿದ್ರ ಕಾರು ಮುಂದಕ್ಕ ಹೋಗಂಗಿಲ್ಲ” ಎಂದು ಇವರು ಹಟ ಹಿಡಿದರು. ಹೊಸ ದನಿಯಲ್ಲಿ, ತಡವಾಗಿ ಹುಟ್ಟುವ ಆ ದನಿಯಲ್ಲಿ, ಮನೆಯಿಂದ ದೊಡ್ಡ ರಸ್ತೆಯ ತನಕ ಊದುತ್ತ ನಡೆದರು. ದಾರಿಯಲ್ಲಿ ಒಮ್ಮೆ ನಿಲ್ಲಿಸಿ, ಪಕ್ಕಕ್ಕೆ ತಿರುಗಿ, ಮುಖಕ್ಕೆ ಕೈ ಒಯ್ದರು. ಹೆಂಗಸರೆಲ್ಲ ‘ಅಯ್ಯೋ, ಅಳಾಕತ್ತಾರ’ ಎಂದು ತಾವೂ ಕಣ್ಣಿಗೆ ಸೆರಗು ಹಚ್ಚಿದರು. ಅಳುವೂ ಅಲ್ಲ ಏನೂ ಅಲ್ಲ, ಹಲ್ಲಿನ ಸೆಟ್ಟು ಸರಿದಿತ್ತು, ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು. ದೊಡ್ಡ ರಸ್ತೆಯ ಹತ್ತಿರ ಇನ್ನೊಮ್ಮೆ ತಿರುಗಿದರು. ಆಗ ಹಲ್ಲು ಜಾಗದಲ್ಲೇ ಇತ್ತು.

ಕಾರಿನ ಕಿಟಕಿಯಿಂದ ಶಹೀನಾ ನನ್ನನ್ನು ಕರೆದಳು. ಕಾಡಿಗೆ ಕೆನ್ನೆಯ ತನಕ ಇಳಿದಿತ್ತು. “ಅಕ್ಕೋರ, ಅಬ್ಬಾನ ಹೊಸಾ ದನಿ ಹೆಂಗೈತ್ರಿ?”

“ಹಳೇದ ಚಲೋ ಇತ್ತವಾ.”

ಅವಳು ಅಳುತ್ತಲೇ ನಕ್ಕಳು. “ನನಗೂ ಹಂಗ ಅನಿಸ್ತು. ಅವರಿಗೆ ಹೇಳಬ್ಯಾಡ್ರಿ ಮತ್ತ.”

“ಆಗ್ಲೇ ಹೇಳೇನಿ,” ಅಂದೆ.

ರಾಜೇಸಾಬರು ಆಮೇಲೆ ಏಳೆಂಟು ವರ್ಷ ಆ ದನಿಯಲ್ಲಿಯೇ ಊದಿದರು. ಅದಕ್ಕೂ ಒಂದು ಬಿಸುಪು ಬಂತು, ಹಳೆಯದಲ್ಲ, ಬೇರೆ ಬಗೆಯದು. ಈಗ ಬಾಯಿ ಪೂರ್ತಿ ಬೋಳು. ಊದುವುದನ್ನು ಬಿಟ್ಟಿದ್ದಾರೆ. ಮನೆಯ ಕಟ್ಟೆಯ ಮೇಲೆ ಕುಳಿತು, ಬೀದಿಯಲ್ಲಿ ಹೋಗುವ ಬ್ಯಾಂಡುಗಳನ್ನೆಲ್ಲ ಕಣ್ಣು ಮುಚ್ಚಿ ಕೇಳಿ ಬೈಯುತ್ತಾರೆ. ಬೈಯಿಸಿಕೊಳ್ಳಲೆಂದೇ ಕೆಲವರು ಆ ಬೀದಿಯಲ್ಲಿ ಸುತ್ತು ಹಾಕಿ ಹೋಗುತ್ತಾರಂತೆ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಕಲ್ಯಾಣ ಮಂಟಪದಲ್ಲಿ ನನ್ನ ಹುಗ್ಗಿ ಆರಿತ್ತು. ತಿಂದು ಕೈ ತೊಳೆದು ಹೊರಡಬೇಕು, ಅಷ್ಟರಲ್ಲಿ ಒಂದು ಕಸಿವಿಸಿ. ಹಲ್ಲಿಲ್ಲ ಅಂತ ತೀರ್ಪು ಕೊಟ್ಟೆನಲ್ಲ, ಯಾರಿಗೆ ಕೊಟ್ಟೆ? ಎಲೆಗೆ, ಹೊಸರಿತ್ತಿಯ ಅಜ್ಜಿಗೆ. ನುಡಿಸಿದವನಿಗೆ ಹೇಳಿದೆನೇ? ಇನ್ನೊಬ್ಬರ ಬೆನ್ನ ಹಿಂದೆ ಖರೇ ಹೇಳಿದರೆ ಅದು ಚಾಡಿಯಾಗುತ್ತದೆ. ವೇದಿಕೆಯ ಕಡೆ ನಡೆದೆ. ಕೀಬೋರ್ಡಿನ ಹಿಂದೆ ಕನ್ನಡಕ ಹಾಕಿದ ನಡುವಯಸ್ಸಿನವನೊಬ್ಬ ನೀರು ಕುಡಿಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು, “ಹೆಂಗಾತ್ರಿ ಅಕ್ಕೋರ ಹಾಡು?” ಎಂದು ಕೇಳಿದ. ನಾನು ಅಕ್ಕೋರು ಅಂತ ಅವನಿಗೆ ಹೇಗೆ ತಿಳಿಯಿತೋ. ನಮ್ಮ ನಡಿಗೆಯಲ್ಲೇ ಇರಬೇಕು.

ಈ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಒಂದೇ: ಚಲೋ ಆತು. ನನ್ನ ಬಾಯಿಗೂ ಬಂದಿತ್ತು.

“ಬೆರಳು ಬಾಳ ಚಲೋ ಅದಾವ್ರಿ ನಿಮ್ಮವು,” ಅಂದೆ. “ಆದ್ರ ಕ್ಲಾರಿನೆಟ್ಟಿನ ಹಾಡಿನಾಗ ನೀವು ಉಸರ ತಗೊಳ್ಳಲಿಲ್ಲ.”

ಆತ ತನ್ನ ಬೆರಳುಗಳನ್ನು ನೋಡಿಕೊಂಡ. “ನಾ ಊದಂಗಿಲ್ಲಲ್ರಿ ಅಕ್ಕೋರ, ಒತ್ತತೇನಿ.”

“ಕೇಳೋರಿಗೆ ಊದಿದಂಗ ಕೇಳಸತೈತಲ್ರಿ. ಇಷ್ಟೊತ್ತು ಉಸರ ತಗೊಳ್ದ ಊದಿದ್ರ ಊದಾಂವ ಸತ್ತ ಹೋಗತಿದ್ದ.”

ಕೋಪ ಬರಬಹುದು ಅಂದುಕೊಂಡೆ. ಆತ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಇಪ್ಪತ್ತು ವರ್ಷದಾಗ ಇದನ್ನ ಯಾರೂ ಹೇಳಿಲ್ರಿ. ಎಲ್ಲೆಲ್ಲಿ ತಗೋಬೇಕು ತೋರಸ್ರಿ ನೋಡೂಣು” ಅಂದ.

ತೋರಿಸುವುದು ಹೇಗೆ? ಜೀವಮಾನದಲ್ಲಿ ಜಾತ್ರೆಯ ಪೀಪಿಯನ್ನೂ ಊದಿದವಳಲ್ಲ ನಾನು. ಆತ ನುಡಿಸತೊಡಗಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಪಕ್ಕ ನಿಂತು, ಊದುವವನು ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ನಾನೇ ಜೋರಾಗಿ ಉಸಿರು ಎಳೆದುಕೊಂಡೆ. ಆತ ಅಲ್ಲಿ ಬೆರಳೆತ್ತಿದ. ಮತ್ತೆ ಎಳೆದುಕೊಂಡೆ, ಮತ್ತೆ ಎತ್ತಿದ. ಊಟದ ಸಾಲಿನಿಂದ ಜನ ತಿರುಗಿ ನೋಡತೊಡಗಿದರು. ಹೊಸರಿತ್ತಿಯ ಅಜ್ಜಿ ಎದ್ದೇ ನಿಂತಿದ್ದಳು. ದನಿಗೆ ಏನೋ ಆಗುತ್ತಿತ್ತು, ನನಗೆ ಕೇಳಿಸುತ್ತಿತ್ತು, ಆದರೆ ಕೇಳುತ್ತ ನಿಲ್ಲಲು ಪುರಸೊತ್ತಿರಲಿಲ್ಲ. ಮೂರನೆಯ ಸಾಲು ಉದ್ದನೆಯದು. ನಡುವೆಯೇ ನನ್ನ ಉಸಿರು ಮುಗಿಯಿತು, ಅರವತ್ತು ದಾಟಿದ ಎದೆ, ಮೇಲೆ ಹುಗ್ಗಿ ಬೇರೆ. ಆತ ಬೆರಳೆತ್ತಿ ಹಿಡಿದುಕೊಂಡು, ನಾನು ಮತ್ತೆ ಉಸಿರು ತುಂಬಿಕೊಳ್ಳುವವರೆಗೆ ಕಾದ.